ಆಂಕೋರ್: ಮೂರು ದಿನದ ಪಾಸ್ ತಗೊಳ್ಳಿ, ಸೂರ್ಯೋದಯ ಬಿಟ್ಟರೂ ನಡೆಯುತ್ತೆ

ಕಾಂಬೋಡಿಯಾದ ಆಂಕೋರ್‌ನ ಹಳೆಯ ದೇವಸ್ಥಾನಗಳನ್ನು ನೋಡಲು ಹೊರಟವರು ಮೊದಲು ಎಡವುವುದು ಟಿಕೆಟ್‌ನಲ್ಲಿ. ದೇವಸ್ಥಾನದ ಬಾಗಿಲಲ್ಲಿ ಟಿಕೆಟ್ ಮಾರುವುದಿಲ್ಲ. ಕೌಂಟರ್ ಇರುವುದು ಸಿಯೆಮ್ ರೀಪ್ ಊರಿನ ಅಂಚಿನಲ್ಲಿ, ಪೇಟೆಯಿಂದ ಸುಮಾರು ನಾಲ್ಕು ಕಿಲೋಮೀಟರ್ ದೂರದ ಬೇರೆಯೇ ಕಟ್ಟಡದಲ್ಲಿ. ಅಲ್ಲಿ ನಿಮ್ಮ ಫೋಟೋ ತೆಗೆದು ಪಾಸ್ ಮೇಲೆ ಅಚ್ಚು ಹಾಕಿ ಕೊಡುತ್ತಾರೆ. ನೇರ ದೇವಸ್ಥಾನಕ್ಕೆ ಹೋದರೆ ವಾಪಸ್ ಕಳಿಸುತ್ತಾರೆ, ಬೆಳಗಿನ ತಂಪು ಹೊತ್ತು ಓಡಾಟದಲ್ಲೇ ಕಳೆದುಹೋಗುತ್ತದೆ. ಹೋಟೆಲಿನವರೋ ಏಜೆಂಟರೋ ತಂದುಕೊಡುತ್ತೇವೆ ಎಂದರೆ ನಂಬಬೇಡಿ. ಅಧಿಕೃತ ವೆಬ್‌ಸೈಟ್‌ನಲ್ಲಿ ಫೋಟೋ ಹಾಕಿ ಮೊದಲೇ ಕೊಂಡರೆ ಕೌಂಟರಿನ ಕೆಲಸವೇ ಇಲ್ಲ.

ದರ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಉಚಿತ, ಆದರೆ ಪಾಸ್‌ಪೋರ್ಟ್ ತೋರಿಸಬೇಕು. ಮೂರು ದಿನದ ಪಾಸನ್ನು ಹತ್ತು ದಿನದೊಳಗೆ ಯಾವ ಮೂರು ದಿನವಾದರೂ ಬಳಸಬಹುದು, ಸಾಲಾಗಿ ಮೂರು ದಿನ ಸುತ್ತಬೇಕೆಂದಿಲ್ಲ. ಒಂದು ದಿನದ ಪಾಸ್ ನಮ್ಮ ಲೆಕ್ಕದಲ್ಲಿ ದಂಡ: ಆಂಕೋರ್ ವಾಟ್, ಬಾಯೋನ್, ತಾ ಪ್ರೋಮ್ ಮೂರೂ ದೇವಸ್ಥಾನಗಳನ್ನು ಬಿಸಿಲಲ್ಲಿ ಓಡೋಡಿ ನೋಡಿ, ಸಂಜೆ ಹೊತ್ತಿಗೆ ಯಾವ ಗೋಪುರ ಎಲ್ಲಿ ಕಂಡದ್ದು ಎಂಬುದೇ ನೆನಪಿರುವುದಿಲ್ಲ. ಏಳು ದಿನದ್ದು ಕೆತ್ತನೆಯ ಹುಚ್ಚಿರುವವರಿಗೆ ಮಾತ್ರ. ಇನ್ನೊಂದು ಅನುಕೂಲ ಗೊತ್ತಿರಲಿ. ಸಂಜೆ ಐದರ ಸುಮಾರಿಗೆ ಪಾಸ್ ಕೊಂಡರೆ ಅದು ಮರುದಿನದ ಲೆಕ್ಕಕ್ಕೆ ಹೋಗುತ್ತದೆ, ಆ ಸಂಜೆಯ ಪ್ರವೇಶ ಪುಕ್ಕಟೆ. ಆಂಕೋರ್ ವಾಟ್ 5:30ಕ್ಕೆ ಮುಚ್ಚುವುದರಿಂದ ಅಲ್ಲಿಗೆ ಓಡಬೇಡಿ, ಏಳರವರೆಗೆ ತೆರೆದಿರುವ ಪ್ರೆ ರುಪ್ ದೇವಸ್ಥಾನಕ್ಕೆ ಹೋಗಿ. ಫ್ನೋಮ್ ಬಾಖೆಂಗ್ ಬೆಟ್ಟವೂ ಏಳರವರೆಗೆ ಉಂಟು. ಆದರೆ ಮೇಲೆ ಒಮ್ಮೆಗೆ ಬಿಡುವುದು 300 ಜನರನ್ನು ಮಾತ್ರ, ತಡವಾದರೆ ಸಾಲಿನಲ್ಲೇ ಸೂರ್ಯ ಮುಳುಗುತ್ತಾನೆ.

ಇನ್ನು ಎಲ್ಲರೂ ಹಾಡಿ ಹೊಗಳುವ ಸೂರ್ಯೋದಯ. ಆಂಕೋರ್ ವಾಟ್ ಪಶ್ಚಿಮಾಭಿಮುಖ. ಬೆಳಿಗ್ಗೆ ಸೂರ್ಯ ಗೋಪುರಗಳ ಬೆನ್ನಿಗಿರುತ್ತಾನೆ, ಕಾಣುವುದು ಕಪ್ಪು ಆಕಾರ ಮಾತ್ರ. ಎಡಗಡೆಯ ಕೊಳದ ದಡದಲ್ಲಿ ಐದು ಗಂಟೆಗೇ ಜನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ಮೋಡ ಕವಿದರೆ ಅದೂ ಇಲ್ಲ. ಕಲ್ಲಿಗೆ ನಿಜವಾದ ಬೆಳಕು ಬೀಳುವುದು ಮಧ್ಯಾಹ್ನ ಮೂರರ ಮೇಲೆ. ಆ ಚಿತ್ರ ಬೇಕೇ ಬೇಕು ಎನ್ನುವವರು ಹೋಗಿ. ಆದರೆ ಸೂರ್ಯ ಮೇಲೇರಿದ ಕೂಡಲೇ ಎಲ್ಲರ ಹಾಗೆ ತಿಂಡಿಗೆ ಹೊರಡದೆ ಒಳಗೆ ನಡೆದುಬಿಡಿ. ಮುಂದಿನ ಒಂದು ಗಂಟೆ ಪ್ರಾಕಾರಗಳು ಬಹುತೇಕ ಖಾಲಿ.

ಆ ಹೊತ್ತಿಗೆ ನೋಡಬೇಕಾದದ್ದು ಹೊರಸುತ್ತಿನ ಉಬ್ಬುಶಿಲ್ಪ. ಕನ್ನಡಿಗರಿಗೆ ಇಲ್ಲೊಂದು ತೊಡಕು. ದೇವಸ್ಥಾನವೆಂದ ಮೇಲೆ ಕಾಲು ತಾನಾಗಿ ಪ್ರದಕ್ಷಿಣೆಗೆ ಎಡಕ್ಕೆ ತಿರುಗುತ್ತದೆ, ಇಲ್ಲಿ ಕಥೆ ಸಾಗುವುದು ಅಪ್ರದಕ್ಷಿಣೆಯಲ್ಲಿ. ಪಶ್ಚಿಮದಿಂದ ಒಳಹೊಕ್ಕು ಬಲಕ್ಕೆ ತಿರುಗಿ, ಗೋಡೆ ನಿಮ್ಮ ಎಡಕ್ಕಿರಲಿ. ಮೊದಲು ಸಿಗುವುದು ಕುರುಕ್ಷೇತ್ರ: ಎಡದಿಂದ ಕೌರವರು, ಬಲದಿಂದ ಪಾಂಡವರು, ಎಡಭಾಗದ ಮೇಲಂಚಿನಲ್ಲಿ ಶರಶಯ್ಯೆಯ ಭೀಷ್ಮ. ಮೂಲೆ ತಿರುಗಿದರೆ ದೇವಸ್ಥಾನ ಕಟ್ಟಿಸಿದ ಎರಡನೇ ಸೂರ್ಯವರ್ಮನ ಮೆರವಣಿಗೆ, ಆಮೇಲೆ ಯಮ ಮತ್ತು ಚಿತ್ರಗುಪ್ತರ ಕೆಳಗೆ ನರಕಗಳು.

ಪೂರ್ವದ ಗೋಡೆಯಲ್ಲಿ ಸಮುದ್ರಮಥನ, ಸುಮಾರು 49 ಮೀಟರ್ ಉದ್ದ. ಎಡಕ್ಕೆ 92 ಅಸುರರು, ಬಲಕ್ಕೆ 88 ದೇವತೆಗಳು, ನಡುವೆ ವಿಷ್ಣು. ದೂರ ನಿಂತು ಫೋಟೋ ತೆಗೆದು ಮುಂದೆ ಹೋಗಬೇಡಿ. ಮಂದರದ ಬುಡದಲ್ಲಿ ಕೂರ್ಮವನ್ನು ನೋಡಿ, ಅದರ ಅಕ್ಕಪಕ್ಕದ ನೀರಿನಲ್ಲಿ ಕಣ್ಣಾಡಿಸಿ. ಕಡೆಯುವ ರಭಸಕ್ಕೆ ಮೀನು, ಮೊಸಳೆಗಳು ತುಂಡಾಗಿ ತೇಲುತ್ತಿವೆ. ದೂರದ ಮೀನುಗಳು ಇಡಿಯಾಗಿವೆ, ಕಡೆಗೋಲು ಹತ್ತಿರವಾದಷ್ಟೂ ಛಿದ್ರ. ದೇವತೆಗಳ ಸಾಲಿನ ಕೊನೆಯಲ್ಲಿ ವಾಸುಕಿಯ ಬಾಲ ಹಿಡಿದು ನಿಂತವನು ಹನುಮಂತ, ನಮ್ಮ ಪುರಾಣದ ಮಥನದಲ್ಲಿ ಅವನಿಗೆ ಜಾಗವೇ ಇಲ್ಲ! ಹಳೇಬೀಡು ನೋಡಿ ಪಳಗಿದ ಕಣ್ಣಿಗೆ ಇಲ್ಲಿನ ಕೆತ್ತನೆ ಮೊದಲು ತೆಳುವೆನಿಸಬಹುದು. ಎರಡೂ ಹನ್ನೆರಡನೇ ಶತಮಾನದವೇ. ಅಲ್ಲಿ ಬಳಪದ ಕಲ್ಲಿನಲ್ಲಿ ಆಳಕ್ಕೆ ಕೊರೆದಿದ್ದರೆ ಇಲ್ಲಿ ಮರಳುಗಲ್ಲಿನಲ್ಲಿ ತುಸುವೇ ಉಬ್ಬಿಸಿ ಕೆತ್ತಿದ್ದಾರೆ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಅದು ಎದ್ದು ಕಾಣುತ್ತದೆ.

ನಡುಗೋಪುರದ ಮೇಲಂತಸ್ತು, ಅಂದರೆ ಬಾಕಾನ್, ಹತ್ತಲು ಕಡಿದಾದ ಏಣಿಮೆಟ್ಟಿಲು. ಭುಜ ಮತ್ತು ಮಂಡಿ ಮುಚ್ಚಿರಬೇಕು. ತೋಳಿಲ್ಲದ ಅಂಗಿಯ ಮೇಲೆ ಶಾಲು ಹೊದ್ದರೆ ಒಪ್ಪುವುದಿಲ್ಲ, ಬಹಳ ಜನ ವಾಪಸಾಗುವುದು ಇಲ್ಲೇ. ಬೌದ್ಧರ ಪವಿತ್ರ ದಿನಗಳಲ್ಲಿ ಬಾಕಾನ್ ಮುಚ್ಚಿರುತ್ತದೆ. ಅವು ಚಾಂದ್ರಮಾನದ ದಿನಗಳು, ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು. ಹೊರಡುವ ಮುಂಚೆ ಮನೆಯ ಕ್ಯಾಲೆಂಡರ್ ನೋಡಿ, ಒಂದು ದಿನ ಹಿಂದೆಮುಂದೆ ಇಟ್ಟುಕೊಂಡು ಯೋಜನೆ ಹಾಕಿ.

ತಾ ಪ್ರೋಮ್ ತೆರೆಯುವುದು 7:30ಕ್ಕೆ. ಮೊದಲ ಅರ್ಧ ಗಂಟೆಯಲ್ಲಿ ನೋಡಿದರೆ ನೋಡಿದಂತೆ, ಒಂಬತ್ತರ ಮೇಲೆ ಮರದ ಬೇರಿನ ಮುಂದೆ ಫೋಟೋಗೆ ಕ್ಯೂ. ಗೋಡೆ ತಬ್ಬಿರುವ ಈ ದೈತ್ಯ ಮರಗಳಲ್ಲಿ ಒಂದು ಜಾತಿ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುತ್ತದೆ. ಇಲ್ಲಿನ ಜೀರ್ಣೋದ್ಧಾರದಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಕೈಯಿದೆ, ನರ್ತಕಿಯರ ಮಂಟಪ ಮುಗಿದು 2022ರಲ್ಲಿ ಉದ್ಘಾಟನೆಯಾಯಿತು. ಇದೇ ಇಲಾಖೆ 1986ರಿಂದ 1993ರವರೆಗೆ ಆಂಕೋರ್ ವಾಟ್‌ನಲ್ಲಿ ಮಾಡಿದ ರಾಸಾಯನಿಕ ತೊಳೆತಕ್ಕೆ ಟೀಕೆಯೂ ಬಂದಿತ್ತು. ಬಾಯೋನ್‌ನ ಮುಖಗಳನ್ನು ಕೆತ್ತಿದ ಗೋಪುರಗಳಿಗೆ ಒಂದೂವರೆ ಗಂಟೆ ಸಾಕು.

ಮೂರನೇ ದಿನವನ್ನು ಬಂತೆಯ್ ಸ್ರೇಗೆ ಮೀಸಲಿಡಿ. ಊರಿನಿಂದ ಸುಮಾರು 35 ಕಿಲೋಮೀಟರ್, ಟುಕ್‌ಟುಕ್‌ನಲ್ಲಿ ಗಂಟೆಗೂ ಹೆಚ್ಚು, ದಾರಿಯಲ್ಲಿ ಧೂಳು. 967ರಲ್ಲಿ ಪ್ರತಿಷ್ಠೆಯಾದ ಈ ಪುಟ್ಟ ಗುಡಿ ಕಟ್ಟಿಸಿದ್ದು ರಾಜನಲ್ಲ, ರಾಜಗುರು ಯಜ್ಞವರಾಹ. ಕೆಂಪು ಮರಳುಗಲ್ಲಿನಲ್ಲಿ ಕೈಲಾಸ ಅಲುಗಾಡಿಸುವ ರಾವಣ, ಕಾಮದಹನ, ಖಾಂಡವದಹನದ ಮಳೆ: ಮಳೆಯ ಗೆರೆಗಳನ್ನೂ ಬಿಡದೆ ಕೆತ್ತಿದ್ದಾರೆ. ಪೂರ್ವಕ್ಕೆ ಮುಖ ಮಾಡಿರುವುದರಿಂದ ಇಲ್ಲಿಗೆ ಬೆಳಿಗ್ಗೆಯೇ ಹೋಗಬೇಕು. ಪಾಸ್ ಇದಕ್ಕೂ ನಡೆಯುತ್ತದೆ. ಫ್ನೋಮ್ ಕುಲೆನ್ ಬೆಟ್ಟಕ್ಕೆ ಮಾತ್ರ ಬೇರೆ ಟಿಕೆಟ್.

ಕೊರತೆಯೆಂದರೆ ಫಲಕಗಳು. ಇಷ್ಟು ದುಡ್ಡು ತೆತ್ತ ಮೇಲೂ ಯಾವ ಗೋಡೆಯಲ್ಲಿ ಯಾವ ಕಥೆ ಎಂದು ಹೇಳುವ ಬರಹ ತೀರಾ ಕಡಿಮೆ. ಪರವಾನಗಿ ಇರುವ ಗೈಡನ್ನು ಮೊದಲ ದಿನಕ್ಕೆ ಮಾತ್ರ ಗೊತ್ತುಮಾಡಿ. ಬಾಗಿಲಲ್ಲಿ ಊದುಕಡ್ಡಿ ಕೈಗಿಟ್ಟು ಕಾಣಿಕೆ ಕೇಳುವವರಿದ್ದಾರೆ, ಬೇಡವಾದರೆ ಕೈ ಚಾಚಬೇಡಿ.

ಟುಕ್‌ಟುಕ್ ಬಾಡಿಗೆ ಸಣ್ಣ ಸುತ್ತಿಗೆ, ಅಂದರೆ ಆಂಕೋರ್ ವಾಟ್, ಬಾಯೋನ್, ತಾ ಪ್ರೋಮ್ ಓಡಾಟಕ್ಕೆ, ಸಾಮಾನ್ಯವಾಗಿ 15ರಿಂದ 20 ಡಾಲರ್, ಸೂರ್ಯೋದಯಕ್ಕೂ ಬಂತೆಯ್ ಸ್ರೇಗೂ ಮೇಲಿಷ್ಟು. ಹತ್ತುವ ಮುಂಚೆಯೇ ಮಾತಾಡಿ. ನೋಟು ಹರಿದಿದ್ದರೆ, ಗೀಚಿದ್ದರೆ ಡಾಲರ್ ಆದರೂ ತೆಗೆದುಕೊಳ್ಳುವುದಿಲ್ಲ. ಸಸ್ಯಾಹಾರಿಗಳು ತರಕಾರಿ ಪಲ್ಯ ಎಂದು ನಂಬಿ ಕೂರಬೇಡಿ, ಅದಕ್ಕೂ ಫಿಶ್ ಸಾಸ್ ಬೀಳುತ್ತದೆ. ಮೀನಿನ ಸಾಸೂ ಬೇಡ ಎಂದು ಬಿಡಿಸಿ ಹೇಳಿ, ಇಲ್ಲವೇ ಊರೊಳಗೆ ಭಾರತೀಯ ಹೋಟೆಲುಗಳಿವೆ. ದೇವಸ್ಥಾನಗಳ ಬಳಿಯ ಅಂಗಡಿಗಳಲ್ಲಿ ಎಳನೀರು ಧಾರಾಳ.