ಚೆಕ್ ಯಾವ ಬಿಲ್ಲಿಗೆ ಅಂತ ಕೇಳದ ಸಾಫ್ಟ್‌ವೇರ್: ಮೂರು ವರ್ಷ ಬಳಸಿದವರ ಮಾತು

ಮಾರಾಟದ ಬಿಲ್ ಹಾಕುವುದರ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಆ ಕೆಲಸವನ್ನು ಈಗ ಯಾವ ಸಾಫ್ಟ್‌ವೇರ್ ಆದರೂ ಚೆನ್ನಾಗಿಯೇ ಮಾಡುತ್ತದೆ. ಬಾರ್‌ಕೋಡ್, ಸ್ಟಾಕ್, ಇ-ವೇ ಬಿಲ್ ಎಲ್ಲಾ ಕಂಪನಿಯವರ ವಿಡಿಯೋದಲ್ಲೇ ಇದೆ. ನನ್ನ ತಕರಾರು ಖರೀದಿ ಬಿಲ್ಲಿನದು. ಬಿಲ್ ಬಂದ ಮೇಲೆ ಮೊತ್ತ ಬದಲಾಗುತ್ತದಲ್ಲ, ಆಗ ಇದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು. ಅಂಗಡಿ ಲೆಕ್ಕದ ಈ ಸಾಫ್ಟ್‌ವೇರಿನ ಹೆಸರು ಹೇಳುವುದಿಲ್ಲ. ವರ್ಷಕ್ಕೊಮ್ಮೆ ಚಂದಾ ಕಟ್ಟಿಸಿಕೊಳ್ಳುವ, ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ನಡೆಯುವ ಜಾತಿಯದು ಅಂದರೆ ಸಾಕು.

ನಮ್ಮದು ದಾವಣಗೆರೆಯಲ್ಲಿ ಎಲೆಕ್ಟ್ರಿಕಲ್, ಪೈಪು, ಸ್ಯಾನಿಟರಿ ಸಾಮಾನಿನ ಅಂಗಡಿ. ಕೌಂಟರ್ ಯಜಮಾನರದು, ಲೆಕ್ಕ ನನ್ನದು. ಮಾಲು ಹೆಚ್ಚಾಗಿ ಬೆಂಗಳೂರಿನಿಂದ ಲಾರಿಯಲ್ಲಿ ಬರುತ್ತದೆ, ಸ್ವಲ್ಪ ಹುಬ್ಬಳ್ಳಿಯಿಂದ.

ಮಧ್ಯಾಹ್ನ ಊಟ ಆದ ಮೇಲೆ ಗಿರಾಕಿ ಕಮ್ಮಿ. ಆಗ ಕೂತು ಖರೀದಿ ಬಿಲ್ ಎಂಟ್ರಿ ಮಾಡುತ್ತೇನೆ. ಮೊದಲು ಹಮಾಲರು ಇಳಿಸಿದ ಡಬ್ಬಗಳನ್ನು ಬಿಲ್ಲಿನ ಜೊತೆ ತಾಳೆ ನೋಡಿ, ಸರಿ ಇದ್ದ ಸಾಲಿಗೆಲ್ಲ ಕೆಂಪು ಪೆನ್ನಿನಲ್ಲಿ ಟಿಕ್. ಒಡೆದದ್ದು, ಕಮ್ಮಿ ಬಂದದ್ದು ಇದ್ದರೆ ಅದರ ಸುತ್ತ ಒಂದು ಸೊನ್ನೆ. ಎಲ್‌ಆರ್ (ಲಾರಿ ರಸೀದಿ) ಕಾಪಿಯನ್ನು ಬಿಲ್ಲಿನ ಹಿಂದೆ ಪಿನ್ ಮಾಡಿ, ಲಾರಿ ಬಾಡಿಗೆ ಮತ್ತು ಹಮಾಲಿ ಎಷ್ಟಾಯಿತು ಅಂತ ಅದರ ಮೇಲೇ ಬರೆಯುತ್ತೇನೆ. ಎಂಟ್ರಿ ಸೇವ್ ಆದ ಮೇಲೆ ಸಾಫ್ಟ್‌ವೇರ್ ಕೊಟ್ಟ ನಂಬರನ್ನು ಬಿಲ್ಲಿನ ಬಲಗಡೆ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದು ಫೈಲಿಗೆ. ಪೆನ್ಸಿಲೇ ಆಗಬೇಕು, ಯಾಕೆಂದರೆ ಆ ನಂಬರ್ ಕೆಲವೊಮ್ಮೆ ಬದಲಾಗುತ್ತದೆ. ಈ ಅರ್ಧ ಗಂಟೆ ನನಗೆ ತುಂಬಾ ಇಷ್ಟ. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಗಲಾಟೆ ಇರುವುದಿಲ್ಲ.

ಗಲಾಟೆ ಶುರುವಾಗುವುದು ಹಣ ಕೊಡುವ ದಿನ.

ವ್ಯಾಪಾರ ಮಾಡುವವರಿಗೆ ಗೊತ್ತು, ಬಿಲ್ಲಿನಲ್ಲಿ ಬರೆದಷ್ಟೇ ಹಣ ಕೊಡುವುದು ಅಪರೂಪ. ಒಡೆದ ಮಾಲು, ರೇಟ್ ಡಿಫರೆನ್ಸ್, ಸಿಡಿ (ಬೇಗ ಹಣ ಕೊಟ್ಟರೆ ಸಿಗುವ ಕ್ಯಾಶ್ ಡಿಸ್ಕೌಂಟ್), ವರ್ಷದ ಕೊನೆಗೆ ಹೆಚ್ಚು ಖರೀದಿಗೆ ಸಿಗುವ ಟರ್ನೋವರ್ ಸ್ಕೀಮು. ಏನಾದರೂ ಒಂದು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಅದಕ್ಕೇ ಯಾವ ಚೆಕ್ ಯಾವ ಬಿಲ್ಲಿಗೆ ಅನ್ನುವುದು ಮುಖ್ಯ. ಈ ಸಾಫ್ಟ್‌ವೇರ್ ಅದನ್ನು ಕೇಳುವುದೇ ಇಲ್ಲ. ಪಾರ್ಟಿ ಹೆಸರು (ಮಾಲು ಕೊಟ್ಟವರದು), ಮೊತ್ತ ಹಾಕಿ ಸೇವ್ ಒತ್ತಿದರೆ ಆಯಿತು, ಹಣವನ್ನು ತಾನೇ ತೆಗೆದುಕೊಂಡು ಹೋಗಿ ಎಲ್ಲಕ್ಕಿಂತ ಹಳೆಯ ಬಿಲ್ಲಿಗೆ ಹಾಕುತ್ತದೆ.

ಅದರಲ್ಲಿ ತಪ್ಪೇನು ಅಂತ ನೀವು ಕೇಳಬಹುದು. ಹೋದ ವರ್ಷದ ಒಂದು ಲೆಕ್ಕ ನೋಡಿ. ಜೂನ್‌ನಲ್ಲಿ ಒಬ್ಬ ಪಾರ್ಟಿಯಿಂದ 59,000 ರೂಪಾಯಿಯ ಬಿಲ್ ಬಂತು. ಹೇಳಿದ ಕಂಪನಿಯ ಸ್ವಿಚ್ಚಲ್ಲ, ರೇಟೂ ಬೇರೆ. ಬಗೆಹರಿಯುವ ತನಕ ಹಣ ಕೊಡುವುದಿಲ್ಲ ಅಂತ ತಡೆಹಿಡಿದೆವು. ಆಗಸ್ಟ್‌ನಲ್ಲಿ ಅದೇ ಪಾರ್ಟಿಯಿಂದ ಮತ್ತೊಂದು ಬಿಲ್: ಮಾಲು 1,00,000, ಜಿಎಸ್‌ಟಿ 18,000. ಅದರಲ್ಲಿ ನಾಲ್ಕು ವಾಶ್ ಬೇಸಿನ್ ಒಡೆದಿದ್ದವು. ಒಂದಕ್ಕೆ 1,500, ತೆರಿಗೆ ಸೇರಿ ನಾಲ್ಕಕ್ಕೆ 7,080. ಅದನ್ನು ಕಳೆದು 1,10,920ಕ್ಕೆ ಚೆಕ್ ಕೊಟ್ಟೆವು. ಏಳು ದಿನದೊಳಗೆ ಕೊಟ್ಟರೆ ಶೇ 2 ಸಿಡಿ, ಅದು ಆಮೇಲೆ ಕ್ರೆಡಿಟ್ ನೋಟಿನಲ್ಲಿ (ಇಷ್ಟು ಹಣ ಕಮ್ಮಿ ಮಾಡಿದ್ದೇವೆ ಅಂತ ಅವರು ಕೊಡುವ ಚೀಟಿ) ಬರುತ್ತದೆ ಅಂತ ಮಾತಾಗಿತ್ತು.

ಸಾಫ್ಟ್‌ವೇರ್ ಏನು ಮಾಡಿತು? 59,000 ತೆಗೆದು ಜೂನ್ ಬಿಲ್ ಚುಕ್ತಾ ಮಾಡಿತು. ಉಳಿದ 51,920 ಆಗಸ್ಟ್ ಬಿಲ್ಲಿಗೆ. ನಮ್ಮ ಪುಸ್ತಕದಲ್ಲಿ ಜಗಳದ ಬಿಲ್ ಮುಗಿದಿದೆ, ಸಿಡಿ ಸಿಗಬೇಕಾದ ಬಿಲ್ಲಿನಲ್ಲಿ 59,000 ಬಾಕಿ. ಪಾರ್ಟಿಯ ಪುಸ್ತಕದಲ್ಲಿ ಪೂರ್ತಿ ಉಲ್ಟಾ. ಮಜಾ ಅಂದರೆ ಎರಡೂ ಕಡೆ ಒಟ್ಟು ಬಾಕಿ ಒಂದೇ, 59,000. ಹಾಗಾಗಿ ಖಾತೆಯ ಬ್ಯಾಲೆನ್ಸ್ ಮಾತ್ರ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಗೊತ್ತಾಗದಿದ್ದರೆ ನಷ್ಟ ಸಿಡಿಯದು ಮಾತ್ರ ಅಲ್ಲ. ಬಿಲ್ ತಾರೀಖಿನಿಂದ 180 ದಿನದೊಳಗೆ ಮಾಲು ಕೊಟ್ಟವರಿಗೆ ಹಣ ಕೊಡದಿದ್ದರೆ, ಆ ಬಿಲ್ಲಿನ ಮೇಲೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ಟನ್ನು (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡದ್ದು) ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಹಣ ಕೊಟ್ಟ ಮೇಲೆ ಕ್ರೆಡಿಟ್ ಮತ್ತೆ ಸಿಗುತ್ತದೆ, ಬಡ್ಡಿ ಸಿಗುವುದಿಲ್ಲ. ಜೂನ್ ಬಿಲ್ಲಿಗೆ ಡಿಸೆಂಬರ್‌ನಲ್ಲಿ 180 ದಿನ ತುಂಬುತ್ತದೆ. ಸಾಫ್ಟ್‌ವೇರಿನ ಲೆಕ್ಕದಲ್ಲಿ ಅದು ಚುಕ್ತಾ ಆಗಿರುವುದರಿಂದ ಎಚ್ಚರಿಕೆಯೇ ಬರುವುದಿಲ್ಲ. ದುಡ್ಡು ಕೊಟ್ಟು ಕೊಂಡ ಎಚ್ಚರಿಕೆ ಅದು!

ಇದನ್ನು ನಮ್ಮ ಆಡಿಟರ್ ಹತ್ತಿರ ಹೇಳಿಕೊಂಡಾಗ ಅವರು ನಕ್ಕು, ಇದಕ್ಕೆ 1872ರಲ್ಲೇ ಉತ್ತರ ಇದೆ ಅಂದರು. ಕರಾರು ಕಾಯ್ದೆಯ 59ನೇ ಕಲಂ ಪ್ರಕಾರ ಯಾವ ಸಾಲಕ್ಕೆ ಹಣ ಅಂತ ಹೇಳುವ ಹಕ್ಕು ಮೊದಲು ಹಣ ಕೊಡುವವರದು. ಅವರು ಹೇಳದಿದ್ದರೆ 60ನೇ ಕಲಂ, ಹಣ ಪಡೆದವರು ತಮಗೆ ಬೇಕಾದ್ದಕ್ಕೆ ಜಮಾ ಮಾಡಿಕೊಳ್ಳಬಹುದು. ಇಬ್ಬರೂ ಏನೂ ಮಾಡದಿದ್ದರೆ ಮಾತ್ರ 61ನೇ ಕಲಂ, ಹಳೆಯದರಿಂದ ಶುರು. ಈ ಸಾಫ್ಟ್‌ವೇರ್ ಮೊದಲ ಎರಡನ್ನೂ ಹಾರಿ ಸೀದಾ ಮೂರನೆಯದಕ್ಕೆ ಬಂದು ಕೂತಿದೆ. ನಾನು ಚೆಕ್ಕಿನ ಹಿಂದೆ ಬಿಲ್ ನಂಬರ್ ಬರೆದೇ ಕೊಟ್ಟಿರುತ್ತೇನೆ. ಇದಕ್ಕೆ ಯಾರು ಹೇಳಬೇಕು?

ಬೇಡವಾದರೆ ಆಫ್ ಮಾಡಬಹುದಲ್ವಾ ಅಂದರೆ, ಮಾಡಬಹುದು. ಸೆಟ್ಟಿಂಗ್ಸ್‌ನಲ್ಲಿ ಎಲ್ಲೋ ಒಳಗೆ ಒಂದು ಬಟನ್ ಇದೆ. ಆದರೆ ಅದು ಕಂಪ್ಯೂಟರಿಗೆ ಮಾತ್ರ. ಯಜಮಾನರು ಮೊಬೈಲಿನಿಂದ ಪೇಮೆಂಟ್ ಹಾಕಿದರೆ ಮತ್ತೆ ಅದೇ ಹಾಡು. ಸರಿಮಾಡಲು ಒಂದೊಂದೇ ಬಿಲ್ ತೆರೆದು, ಕೊಂಡಿ ಬಿಚ್ಚಿ, ಪೇಮೆಂಟಿಗೆ ವಾಪಸ್ ಹೋಗಿ, ಬೇಕಾದ ಬಿಲ್ ಆರಿಸಿ, ಮೊತ್ತ ಕೈಯಾರೆ ಬರೆಯಬೇಕು. ಕಸ್ಟಮರ್ ಕೇರ್ ಹುಡುಗಿ ಪಾಪ, ಕನ್ನಡದಲ್ಲೇ ಸಮಾಧಾನವಾಗಿ ಮಾತಾಡುತ್ತಾಳೆ. "ಮೇಲಿನವರಿಗೆ ತಿಳಿಸಿದೀನಿ ಮೇಡಂ" ಅನ್ನುವುದಕ್ಕಿಂತ ಮುಂದೆ ಮಾತು ಹೋಗಿಲ್ಲ.

ಇಷ್ಟು ಬೈದ ಮೇಲೂ ಇದನ್ನೇ ಬಳಸುತ್ತಿದ್ದೇನೆ ಅಂದರೆ ಅದಕ್ಕೆ ಕಾರಣ ಡೆಬಿಟ್ ನೋಟ್, ಅಂದರೆ ಇಷ್ಟು ಹಣ ಕಳೆದಿದ್ದೇವೆ ಅಂತ ನಾವು ಪಾರ್ಟಿಗೆ ಕಳಿಸುವ ಚೀಟಿ.

ಒಡೆದ ಬೇಸಿನ್ನಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಮೂಲ ಬಿಲ್ ತೆರೆದು "ವಾಪಸ್" ಒತ್ತಿದರೆ ಅದೇ ಬಿಲ್ಲಿನ ಸಾಲುಗಳು ಬರುತ್ತವೆ. ಬೇಸಿನ್ ಸಾಲಿನಲ್ಲಿ 4 ಅಂತ ಬರೆದರೆ ಮುಗಿಯಿತು. ಆ ದಿನದ ರೇಟು, ಸಿಜಿಎಸ್‌ಟಿ 540, ಎಸ್‌ಜಿಎಸ್‌ಟಿ 540 ಎಲ್ಲಾ ತಾನೇ ಹಾಕಿಕೊಂಡು, ಸ್ಟಾಕಿನಿಂದ ನಾಲ್ಕು ಕಳೆದು, ಮೂಲ ಬಿಲ್ ನಂಬರ್ ಸಮೇತ ಒಂದು ಚಂದದ ಪಿಡಿಎಫ್ ಕೊಡುತ್ತದೆ. ಒಡೆದ ಮಾಲಿನ ಫೋಟೋವನ್ನೂ ಅದಕ್ಕೇ ಅಂಟಿಸಬಹುದು. ಲಾರಿ ಹೊರಡುವ ಮೊದಲೇ ಪಾರ್ಟಿಯ ವಾಟ್ಸಾಪಿಗೆ ಹೋಗಿರುತ್ತದೆ.

ಮೊದಲೆಲ್ಲ ಕಲೆಕ್ಷನ್‌ಗೆ ಬಂದ ಸೇಲ್ಸ್‌ಮನ್ ಜೊತೆ ವಾದ ಮಾಡಿ ಮಾಡಿ ಗಂಟಲು ಒಣಗುತ್ತಿತ್ತು. ಈಗ "ಅಕ್ಕಾರೆ, ನಿಮ್ಮ ಪೇಮೆಂಟಲ್ಲಿ ಏಳು ಸಾವಿರ ಚಿಲ್ಲರೆ ಶಾರ್ಟ್ ಬಂದಿದೆ" ಅಂದರೆ, "ನಿನ್ನ ಮೊಬೈಲಲ್ಲೇ ಇದೆ ನೋಡಪ್ಪಾ, ಫೋಟೋನೂ ಇದೆ" ಅನ್ನುತ್ತೇನೆ. ಅವನು ನೋಡುತ್ತಾನೆ, ಟೀ ಕುಡಿಯುತ್ತಾನೆ, ಹೋಗುತ್ತಾನೆ. ಈ ಒಂದು ಸುಖಕ್ಕೆ ಅರ್ಧ ಚಂದಾ ಕೊಡಬಹುದು.

ಇದರಲ್ಲೂ ಒಂದು ಮಾತು ನೆನಪಿಡಿ. ನಮ್ಮ ಡೆಬಿಟ್ ನೋಟ್ ನಮ್ಮ ಪುಸ್ತಕದ ದಾಖಲೆ ಅಷ್ಟೇ. ಜಿಎಸ್‌ಟಿ ಕಾಯ್ದೆಯ 34ನೇ ಕಲಂ ಪ್ರಕಾರ ತೆರಿಗೆ ಇಳಿಸುವ ಕ್ರೆಡಿಟ್ ನೋಟ್ ಕೊಡಬೇಕಾದವರು ಮಾಲು ಮಾರಿದವರು. ಅವರು ಅದನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಮೇಲೆ ನಮ್ಮ ಜಿಎಸ್‌ಟಿಆರ್-2ಬಿಗೆ (ಜಿಎಸ್‌ಟಿ ಪೋರ್ಟಲ್ ತಿಂಗಳಿಗೊಮ್ಮೆ ಕೊಡುವ ನಮ್ಮ ಇನ್‌ಪುಟ್ ಕ್ರೆಡಿಟ್ಟಿನ ಪಟ್ಟಿ) ಬರುತ್ತದೆ. ಹಾಗಾಗಿ ಪ್ರತಿ ತಿಂಗಳು 14ಕ್ಕೆ 2ಬಿ ಸಿದ್ಧವಾದ ಮೇಲೆ ನಾನು ಇನ್ನೊಮ್ಮೆ ಕೂರುತ್ತೇನೆ. ಈ ಸಾಫ್ಟ್‌ವೇರ್ ನಮ್ಮ ಡೆಬಿಟ್ ನೋಟನ್ನೂ ಅವರ ಕ್ರೆಡಿಟ್ ನೋಟನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತದೆ. ಹೊಂದಿದರೆ ಹಸಿರು, ಬರದಿದ್ದರೆ ಹಳದಿ. ಹಳದಿ ಕಂಡವರಿಗೆ ಫೋನ್. ಮಾಲು ಮಾರಿದ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ದಾಟಿದರೆ ಅವರಿಗೂ ತೆರಿಗೆ ಇಳಿಸಿಕೊಳ್ಳಲು ಆಗುವುದಿಲ್ಲ ಅಂತ ನೆನಪಿಸಿದರೆ ಬೇಗ ಕಳಿಸುತ್ತಾರೆ.

2ಬಿಯ ಜೊತೆ ತಾಳೆ ತಪ್ಪಬಾರದು ಅಂತಲೇ, ರಿಟರ್ನ್ ಹಾಕಿದ ತಿಂಗಳ ಬಿಲ್ಲುಗಳನ್ನು ಆಮೇಲೆ ತಿದ್ದದಂತೆ ಇದು ಬೀಗ ಹಾಕುತ್ತದೆ. ಮೊದಮೊದಲು ನನಗೆ ಕಿರಿಕಿರಿ ಆಗುತ್ತಿತ್ತು. ಈಗ ಅದೇ ಸರಿ ಅನಿಸುತ್ತದೆ. ಕೊಟ್ಟ ಹಣಕ್ಕೆ ಸರಿಹೊಂದಲಿ ಅಂತ ಹಳೆಯ ಬಿಲ್ಲನ್ನೇ ತಿದ್ದಿ 1,10,920 ಮಾಡುವ ಅಂಗಡಿಗಳನ್ನು ನೋಡಿದ್ದೇನೆ. ಆಮೇಲೆ 2ಬಿಯಲ್ಲಿ 1,18,000 ಕಂಡಾಗ ತಲೆ ಕೆರೆದುಕೊಳ್ಳುತ್ತಾರೆ.

ಸಿಡಿ ವಿಷಯ ಮಾತ್ರ ಇನ್ನೂ ಅರೆಬರೆ. ಗಿರಾಕಿಯಿಂದ ಹಣ ಬಂದಾಗ ಡಿಸ್ಕೌಂಟ್ ಬರೆಯಲು ಕಾಲಂ ಇದೆ. ನಾವು ಹಣ ಕೊಡುವ ಕಡೆ ಇಲ್ಲ! ಆಗಸ್ಟ್ ಬಿಲ್ಲಿನ ಸಿಡಿ, ಒಡೆದ ಬೇಸಿನ್ನಿನ 6,000 ಕಳೆದು ಉಳಿದ 94,000ಕ್ಕೆ 1,880. ಜಿಎಸ್‌ಟಿ ಮುಟ್ಟದ ಬರೀ ಕಮರ್ಷಿಯಲ್ ಕ್ರೆಡಿಟ್ ನೋಟ್ ಅದು. ಇಂಥದ್ದಕ್ಕೆ ಇನ್‌ಪುಟ್ ಕ್ರೆಡಿಟ್ ವಾಪಸ್ ಮಾಡಬೇಕಿಲ್ಲ ಅಂತ 2025ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆಯೇ ಬಂದಿದೆ. ಆದರೆ ಡೆಬಿಟ್ ನೋಟ್ ಹಾಕಲು ಹೋದರೆ ಇದು ತೆರಿಗೆ ಕಳೆದೇ ತೀರುತ್ತದೆ. ಕೊನೆಗೆ ಜರ್ನಲ್ ಎಂಟ್ರಿ ಹಾಕಿ, ಅದನ್ನು ಬಿಲ್ಲಿಗೆ ಕೈಯಾರೆ ಜೋಡಿಸುತ್ತೇನೆ. ಲೆಕ್ಕ ಕಲಿತವರಿಗೆ ಇದು ಕಷ್ಟವಲ್ಲ. ಸುಮ್ನೆ ಅಂಗಡಿ ನಡೆಸಿಕೊಂಡು ಹೋಗುವವರು ಎಲ್ಲಿಗೆ ಹೋಗಬೇಕು?

ಹಾಗಾದರೆ ತೆಗೆದುಕೊಳ್ಳಬಹುದಾ? ನಿಮಗೆ ಮಾಲು ಕೊಡುವವರು ಏಳೆಂಟು ಜನ, ಬಿಲ್ಲಿಗೆ ಬಿಲ್ ಚುಕ್ತಾ ಮಾಡುವ ಅಭ್ಯಾಸ ಅಂದರೆ ಧೈರ್ಯವಾಗಿ ತೆಗೆದುಕೊಳ್ಳಿ. ಬಟ್ಟೆ, ಬೇಕರಿ, ಸ್ಟೇಷನರಿಯವರಿಗೆ ಸಾಕು. ಸಿಮೆಂಟ್, ಪೇಂಟ್ ಡೀಲರ್‌ಗಳು, ಅಂದರೆ ಸ್ಕೀಮು ಮತ್ತು ಸಿಡಿಯಲ್ಲೇ ಲಾಭ ಇರುವವರು, ಪೇಮೆಂಟ್ ಹಾಕುವಾಗಲೇ ಯಾವ ಬಿಲ್ಲಿಗೆ ಅಂತ ಕೇಳುವ ಸಾಫ್ಟ್‌ವೇರ್ ನೋಡಿಕೊಳ್ಳಿ. ಟ್ಯಾಲಿಯಲ್ಲಿ ಬಿಲ್-ವೈಸ್ ಆನ್ ಇಟ್ಟುಕೊಂಡರೆ ಅದು ಮೊದಲು ಕೇಳುವುದೇ ಅದನ್ನು. ಆದರೆ ನಮ್ಮ ಬಜೆಟ್ಟಿಗೆ ಅದು ಜಾಸ್ತಿ ಆಯಿತು, ಮೇಲಾಗಿ ಯಜಮಾನರಿಗೆ ಮೊಬೈಲಿನಲ್ಲೇ ಬೇಕು.

ಐದಕ್ಕೆ ಮೂರು ಕೊಡುತ್ತೇನೆ. ಮೂರೂ ಡೆಬಿಟ್ ನೋಟಿಗೆ. ಮೊನ್ನೆ ಚಂದಾ ಮುಗಿಯಿತು ಅಂತ ಫೋನ್ ಬಂತು, ಮೂರು ವರ್ಷದ್ದು ಒಟ್ಟಿಗೆ ಕಟ್ಟಿದರೆ ಭಾರೀ ರಿಯಾಯಿತಿಯಂತೆ. ಒಂದೇ ವರ್ಷಕ್ಕೆ ಕಟ್ಟಿದೆ. ಯಜಮಾನರ ಮೊಬೈಲಿನಲ್ಲಿ ಪೇಮೆಂಟ್ ಹಾಕುವ ಅನುಮತಿ ತೆಗೆದಿದ್ದೇನೆ. ಅವರು ಈಗ ಬಾಕಿ ನೋಡಬಹುದು ಅಷ್ಟೇ.