ಹಳೇ ಡೆಸ್ಕ್‌ಟಾಪ್‌ಗೆ ಜಿಟಿಎಕ್ಸ್ 1650: ಮಲೆನಾಡಿನವರು ಕೊಳ್ಳಬಹುದೇ?

ಶಿವಮೊಗ್ಗದ ಅಂಗಡಿಗಳಿಂದ ನಾಲ್ಕನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್ ಇರುವ ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್ ತಂದವರು ಗೇಮಿಂಗ್‌ಗೆ ಧೈರ್ಯವಾಗಿ ಹಾಕಬಹುದಾದ ಗ್ರಾಫಿಕ್ಸ್ ಕಾರ್ಡ್ ಎನ್‌ವಿಡಿಯಾದ ಈ ಜಿಟಿಎಕ್ಸ್ 1650. 75 ವಾಟ್ ಸಾಕಾಗುವುದರಿಂದ ಕಾರ್ಡ್ ಕೂರಿಸುವ ಮದರ್‌ಬೋರ್ಡಿನ ಸ್ಲಾಟ್‌ನಿಂದಲೇ ಕರೆಂಟ್ ಸಿಗುತ್ತದೆ. ಆದರೆ ಕೆಲವು ಮಾಡೆಲ್‌ಗಳು 6 ಪಿನ್ ವೈರ್ ಕೇಳುತ್ತವೆ, ಆಫೀಸ್ ಮೆಷಿನ್ನಿನ ಎಸ್‌ಎಂಪಿಎಸ್‌ನಲ್ಲಿ (ಕರೆಂಟ್ ಕೊಡುವ ಡಬ್ಬಿ) ಅದು ಸಾಮಾನ್ಯವಾಗಿ ಇರುವುದಿಲ್ಲ. ಕಾರ್ಡಿನ ಅಂಚಿನಲ್ಲಿ ಆ ಪಿನ್ ಇದೆಯೇ ನೋಡಿಯೇ ದುಡ್ಡು ಕೊಡಿ. ಸಣ್ಣ ಕ್ಯಾಬಿನೆಟ್ಟಿಗೆ ಎತ್ತರ ಕಡಿಮೆಯ ಲೋ ಪ್ರೊಫೈಲ್ ಮಾಡೆಲೇ ಬೇಕು, ಅದೂ ಸಾಮಾನ್ಯವಾಗಿ ಎರಡು ಸ್ಲಾಟಿನ ಜಾಗ ಹಿಡಿಯುತ್ತದೆ.

ಎಎಂಡಿಯ ಆರ್‌ಎಕ್ಸ್ 6400 ಕಾರ್ಡ್ ಹೊಸದು ಅಂತ ಅತ್ತ ವಾಲಬೇಡಿ. ಅದು ಬಳಸುವುದು ನಾಲ್ಕೇ ಲೇನ್ (ಡೇಟಾ ಓಡುವ ದಾರಿ), ಪಿಸಿಐಇ 3.0 ಸ್ಲಾಟ್ ಇರುವ ಹಳೇ ಬೋರ್ಡಿನಲ್ಲಿ ವೇಗ ಕುಸಿಯುತ್ತದೆ. ಗೇಮ್ ರೆಕಾರ್ಡ್ ಮಾಡಲು ಬೇಕಾದ ಎನ್‌ಕೋಡರ್ ಕೂಡ ಇಲ್ಲ.

1650ರ ಕೊರತೆ 4 ಜಿಬಿ ಮೆಮೊರಿ. 1080ಪಿಯಲ್ಲಿ ಹೊಸ ಗೇಮ್‌ಗಳಿಗೆ ಸೆಟ್ಟಿಂಗ್‌ನಲ್ಲಿ ಟೆಕ್ಸ್ಚರ್ (ಚಿತ್ರದ ಸೂಕ್ಷ್ಮತೆ) ಇಳಿಸಲೇಬೇಕು, ಇಲ್ಲದಿದ್ದರೆ ಆಟ ತಡವರಿಸುತ್ತದೆ. ವಿಜಿಎ ಪೋರ್ಟ್ ಇಲ್ಲ, ಹಳೇ ಮಾನಿಟರ್‌ಗೆ ಎಚ್‌ಡಿಎಂಐ ಕನ್ವರ್ಟರ್ ಬೇಕು. ಕೇಬಲ್ಲನ್ನು ಕಾರ್ಡಿಗೇ ಚುಚ್ಚಿ, ಮದರ್‌ಬೋರ್ಡಿಗಲ್ಲ.

ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದ ಥಂಡಿಗೆ ಕಾರ್ಡಿನ ಚಿನ್ನದ ಬಣ್ಣದ ಪಟ್ಟಿ ಮಂಕಾಗಿ, ಸ್ಕ್ರೀನ್ ಬರದೇ ಹೋಗಬಹುದು. ಕೆಟ್ಟಿತು ಅಂತ ರಿಪೇರಿಗೆ ಓಡುವ ಮೊದಲು ಪ್ಲಗ್ ತೆಗೆದು, ಕಾರ್ಡ್ ಕಳಚಿ, ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಕೊಡವಿ ಮತ್ತೆ ಕೂರಿಸಿ.