ಅನಲಾಗ್, ಪಿಆರ್‌ಐ, ಸಿಪ್: ಮೂರೂ ಟ್ರಂಕ್ ಲೈನ್ ಬಳಸಿದವನ ಅನುಭವ

ಆಫೀಸಿನ ಇಪಿಎಬಿಎಕ್ಸ್ (ಒಳಗಿನ ಫೋನುಗಳನ್ನೆಲ್ಲ ಜೋಡಿಸುವ ಪೆಟ್ಟಿಗೆ) ನನ್ನ ತಲೆಗೆ ಬಿದ್ದು ಹದಿನಾಲ್ಕು ವರ್ಷ. ಒಳಗಿನ ಎಕ್ಸ್‌ಟೆನ್ಶನ್‌ಗಳು ಅಷ್ಟಾಗಿ ಕಾಡಿದ್ದಿಲ್ಲ. ನಾನು ತಿಂದ ಬೈಗುಳಕ್ಕೆಲ್ಲ ಕಾರಣ ಫೋನ್ ಕಂಪನಿಯಿಂದ ಈ ಪೆಟ್ಟಿಗೆಗೆ ಬರುವ ಟ್ರಂಕ್ ಲೈನುಗಳೇ.

ಮೊದಲು ಇದ್ದದ್ದು ಎಂಟು ಅನಲಾಗ್ ಲೈನು, ಲೂಪ್ ಸ್ಟಾರ್ಟ್ ಬಗೆಯವು. ಎರಡು ತಾಮ್ರದ ತಂತಿ, ರಿಸೀವರ್ ಎತ್ತಿದರೆ ಡಯಲ್ ಟೋನ್, ಅಷ್ಟೇ. ತಾಪತ್ರಯ ಶುರುವಾಗುವುದು ಫೋನ್ ಇಟ್ಟಾಗ. ಆ ಕಡೆಯವರು ಇಟ್ಟರು ಅಂತ ಎಕ್ಸ್‌ಚೇಂಜ್ ಸರಿಯಾದ ಸೂಚನೆ ಕೊಡದಿದ್ದರೆ ನಮ್ಮ ಪೆಟ್ಟಿಗೆಗೆ ಅದು ಗೊತ್ತೇ ಆಗುವುದಿಲ್ಲ. ಒಂದು ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಎಂಟರಲ್ಲಿ ನಾಲ್ಕು ಲೈನು ಬಿಡುವಿಲ್ಲದೆ ಕೂತಿವೆ. ವಾಯ್ಸ್‌ಮೇಲ್ ತೆಗೆದರೆ ಬರೀ ಎಂಗೇಜ್ ಟೋನಿನ 'ಟುಂಯ್ ಟುಂಯ್'. ಆ ಟೋನಿನ ಫ್ರೀಕ್ವೆನ್ಸಿ, ಎಷ್ಟು ಹೊತ್ತು ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದನ್ನೆಲ್ಲ ಪ್ರೋಗ್ರಾಮಿನಲ್ಲಿ ಹೊಂದಿಸಿದ ಮೇಲೆ ಸರಿಹೋಯಿತು.

ಇನ್ನೊಂದು ಕಾಟ 'ಗ್ಲೇರ್', ಅಂದರೆ ಒಳಬರುವ ಕರೆಯೂ ಹೊರಹೋಗುವ ಕರೆಯೂ ಒಂದೇ ಲೈನಿನಲ್ಲಿ ಡಿಕ್ಕಿ ಹೊಡೆಯುವುದು. ಹೊರಗೆ ಡಯಲ್ ಮಾಡಲು ಲೈನ್ ಹಿಡಿದರೆ ಕಿವಿಗೆ "ಹಲೋ, ಯಾರು?" ಅಂತ ಗ್ರಾಹಕರ ದನಿ! ರಿಂಗ್ ಕೇಳಿಸುವ ಮುಂಚಿನ ಆ ಒಂದು ಚಣದಲ್ಲಿ ಪೆಟ್ಟಿಗೆ ಅದೇ ಲೈನನ್ನು ಹಿಡಿದಿರುತ್ತದೆ. ಇದು ಆಗದಿರಲೆಂದೇ ಲೈನ್ ಹಿಡಿದದ್ದನ್ನು ಆ ಕಡೆಗೆ ಒಡನೆ ತಿಳಿಸುವ ಗ್ರೌಂಡ್ ಸ್ಟಾರ್ಟ್ ಅನ್ನುವ ಬಗೆಯ ಲೈನು ಇದೆ. ನಾನು ಅಗ್ಗದ ಉಪಾಯ ಮಾಡಿದೆ: ಒಳಬರುವ ಕರೆಗೆ ಹಂಟಿಂಗ್ (ಖಾಲಿ ಲೈನ್ ಹುಡುಕುವುದು) ಒಂದನೇ ಲೈನಿನಿಂದ, ಹೊರಹೋಗುವ ಕರೆಗೆ ಎಂಟನೆಯದರಿಂದ ಕೆಳಕ್ಕೆ. ಎರಡೂ ಎದುರಾಗುವುದು ಅಪರೂಪವಾಯಿತು.

ಆಮೇಲೆ ಬಂದ ಪಿಆರ್‌ಐ (ಒಂದೇ ಕೇಬಲಿನಲ್ಲಿ ಹಲವು ಕರೆ ಒಯ್ಯುವ ಡಿಜಿಟಲ್ ಲೈನು) ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅದೇ ಅದರ ಹೆಚ್ಚುಗಾರಿಕೆ. ಇ1 ಅನ್ನುವ ಬಗೆಯ ಕೇಬಲಿನಲ್ಲಿ 64 ಕೆಬಿಪಿಎಸ್‌ನ 32 ಸ್ಲಾಟ್, ಅಂದರೆ ದಾರಿ. ಒಂದು ಸಿಂಕಿಗೆ (ಎರಡೂ ಕಡೆಯ ತಾಳ ಹೊಂದಿಸಲು), ಹದಿನಾರನೆಯದು ಸಿಗ್ನಲಿಂಗಿಗೆ (ಕರೆ ಜೋಡಿಸುವ, ಮುಗಿಸುವ ಸೂಚನೆಗಳಿಗೆ), ಉಳಿದ 30 ಮಾತಿಗೆ. ಇ1 ಬದಲು ಟಿ1 ಅನ್ನುವ ಬಗೆ ಬಳಸುವ ಕಡೆ ಮಾತಿಗೆ 23. ಡಿಐಡಿ (ಹೊರಗಿನಿಂದ ನೇರವಾಗಿ ಎಕ್ಸ್‌ಟೆನ್ಶನ್‌ಗೆ ಡಯಲ್ ಮಾಡುವ ಸೌಲಭ್ಯ) ಇರುವುದರಿಂದ ನೂರು ಜನಕ್ಕೆ ನೂರು ನೇರ ನಂಬರ್ ಕೊಟ್ಟು 30 ಚಾನೆಲ್‌ನಲ್ಲೇ ನಿಭಾಯಿಸಿದೆವು. ಕರೆ ಯಾಕೆ ಹೋಗಲಿಲ್ಲ ಅಂತ ಲಾಗ್ ನೋಡಿದರೆ ಕೋಡ್ ಇರುತ್ತದೆ: 17 ಇದ್ದರೆ ಆ ಕಡೆ ಎಂಗೇಜ್, 34 ಇದ್ದರೆ ಚಾನೆಲ್ ಖಾಲಿ ಇಲ್ಲ. ಒಮ್ಮೆ ಮಾತ್ರ ಫ್ಯಾಕ್ಸ್‌ಗಳು ಅರ್ಧ ಪುಟಕ್ಕೇ ಕಟ್ ಆಗತೊಡಗಿದವು. ವಾರಗಟ್ಟಲೆ ಫ್ಯಾಕ್ಸ್ ಮೆಷೀನಿಗೇ ಶಾಪ ಹಾಕಿದೆ. ಕೊನೆಗೆ ನೋಡಿದರೆ ಪೆಟ್ಟಿಗೆ ಕ್ಲಾಕನ್ನು (ಬಿಟ್ ಕಳಿಸುವ ತಾಳವನ್ನು) ಎಕ್ಸ್‌ಚೇಂಜಿನಿಂದ ತೆಗೆದುಕೊಳ್ಳುವ ಬದಲು ತನ್ನದನ್ನೇ ನಂಬಿಕೊಂಡು ಕೂತಿತ್ತು. ತಪ್ಪು ನನ್ನದೇ.

ಈಗಿರುವುದು ಸಿಪ್ ಟ್ರಂಕ್, ಅಂದರೆ ಡೇಟಾ ನೆಟ್‌ವರ್ಕಿನ ಮೇಲೆ ಬರುವ ಫೋನ್ ಲೈನು. ಇವತ್ತು 10 ಚಾನೆಲ್, ನಾಳೆ 40 ಬೇಕೆಂದರೆ ಹೊಸ ಕೇಬಲ್ ಎಳೆಯಬೇಕಿಲ್ಲ. ಆದರೆ ನೆಟ್‌ವರ್ಕಿನ ಜಡ್ಡೆಲ್ಲ ಫೋನಿಗೂ ಅಂಟುತ್ತದೆ. ಮೊದಲ ವಾರ ನಮ್ಮ ಮಾತು ಅವರಿಗೆ ಕೇಳುತ್ತಿತ್ತು, ಅವರದು ನಮಗೆ ಇಲ್ಲ. ರೌಟರಿನ 'ಸಿಪ್ ಎಎಲ್‌ಜಿ' (ಹಾದುಹೋಗುವ ಸಿಪ್ ಪ್ಯಾಕೆಟ್ಟಿನ ವಿಳಾಸ ತಿದ್ದುವ ಸೌಲಭ್ಯ) ಆಫ್ ಮಾಡಿದೆ, ಆ ಕಾಟ ಹೋಯಿತು. ಆ ಸೌಲಭ್ಯ ಯಾರಿಗೆ ಉಪಯೋಗವಾಗಿದೆಯೋ ದೇವರೇ ಬಲ್ಲ. ಜಿ.711 ಕೋಡೆಕ್‌ನಲ್ಲಿ (ದನಿಯನ್ನು ಡಿಜಿಟಲ್ ಮಾಡುವ ಒಂದು ವಿಧಾನ) ದನಿಗೆ 64 ಕೆಬಿಪಿಎಸ್ ಅಂದರೂ ಪ್ಯಾಕೆಟ್ಟಿನ ಹೆಡರ್ ಸೇರಿ ಒಂದು ದಿಕ್ಕಿಗೆ ಸುಮಾರು 87 ಆಗುತ್ತದೆ. ಬ್ಯಾಂಡ್‌ವಿಡ್ತ್ ಲೆಕ್ಕ ಹಾಕುವಾಗ ಇದನ್ನೇ ಹಿಡಿಯಿರಿ. ಬ್ಯಾಕಪ್ ಓಡುವ ಹೊತ್ತಿಗೆ ದನಿ ಒಡೆಯುತ್ತಿದ್ದರೆ ಕ್ಯೂಒಎಸ್ (ದನಿಯ ಪ್ಯಾಕೆಟ್ಟುಗಳಿಗೆ ಮೊದಲ ದಾರಿ ಕೊಡುವ ಸೆಟ್ಟಿಂಗ್) ಹಾಕದೆ ಗತಿಯಿಲ್ಲ. ಫ್ಯಾಕ್ಸ್‌ಗೆ ಟಿ.38 (ನೆಟ್‌ವರ್ಕಿನ ಮೇಲೆ ಫ್ಯಾಕ್ಸ್ ಕಳಿಸುವ ವಿಧಾನ) ಬೇಕು. ಐಎಸ್‌ಡಿ ಬೇಡದ ಎಕ್ಸ್‌ಟೆನ್ಶನ್‌ಗಳಲ್ಲಿ ಅದನ್ನು ಲಾಕ್ ಮಾಡಿಡಿ, ರಾತ್ರೋರಾತ್ರಿ ಕದ್ದು ಕರೆ ಮಾಡುವವರಿದ್ದಾರೆ.

ಮೂರರಲ್ಲಿ ನನ್ನ ಮೆಚ್ಚಿನದು ಪಿಆರ್‌ಐ. ಹೊಸದಾಗಿ ಹಾಕಿಸುವವರಿಗೆ ಹೇಳುವುದು ಮಾತ್ರ ಸಿಪ್. ಆದರೂ ಎಂಟರಲ್ಲಿ ಎರಡು ಅನಲಾಗ್ ಲೈನು ಉಳಿಸಿಕೊಂಡಿದ್ದೇನೆ. ಎಕ್ಸ್‌ಚೇಂಜಿನಿಂದ ತಾಮ್ರದ ಮೇಲೇ 48 ವೋಲ್ಟ್ ಬರುವುದರಿಂದ ಕರೆಂಟ್ ಹೋದಾಗ ಪೆಟ್ಟಿಗೆಯ ರಿಲೇ (ತಾನಾಗಿ ಬದಲಾಗುವ ಸ್ವಿಚ್) ಆ ಲೈನನ್ನು ನೇರವಾಗಿ ಸೆಕ್ಯೂರಿಟಿ ಮೇಜಿನ ಫೋನಿಗೆ ಕೊಡುತ್ತದೆ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಡಯಲ್ ಟೋನ್ ಇದೆಯಾ ಅಂತ ನೋಡುತ್ತೇನೆ. ನಿಮ್ಮ ಲೈನು ಫೈಬರ್ ಮೋಡೆಮ್ ಮೂಲಕ ಬರುತ್ತಿದ್ದರೆ ಈ ಆಟ ನಡೆಯುವುದಿಲ್ಲ, ಮೋಡೆಮ್ಮಿಗೂ ಯುಪಿಎಸ್ ಕೊಡಬೇಕಾಗುತ್ತದೆ.